ಬೆರಳ ಸಾಧನೆ

ಪಿಯಾನೋ ಕಲಿಯುವವರಿಗೆ ಕಷ್ಟದ ಕಾಲ ಯಾವುದು ಎಂದು ಕೇಳಿದರೆ ಮೊದಲ ವರ್ಷವೆಂದೇ ಅನೇಕರು ಹೇಳಿಯಾರು. ನಿಜ ಸಂಗತಿ ಬೇರೆ. ಮೊದಲ ವರ್ಷದಲ್ಲಿ ಎಲ್ಲವೂ ಹೊಸತು. ಒಂದು ಕೈಯಲ್ಲಿ ನುಡಿಸುತ್ತಿದ್ದ ಮಗು ಎರಡು ಕೈಗಳನ್ನೂ ಕೂಡಿಸಿ ನುಡಿಸತೊಡಗಿದರೆ ಮನೆಯವರಿಗೆಲ್ಲ ಹಬ್ಬ. ಕಷ್ಟ ಬರುವುದು ಮೂರನೆಯ ಇಲ್ಲವೆ ನಾಲ್ಕನೆಯ ವರ್ಷದಲ್ಲಿ. ಆ ಹೊತ್ತಿಗೆ ಸ್ವರಲಿಪಿ ಓದಲು ಬರುತ್ತದೆ, ಲಯ ತಿಳಿಯುತ್ತದೆ, ಒಳ್ಳೆಯ ವಾದನ ಯಾವುದೆಂಬುದು ಕಿವಿಗೆ ಗೊತ್ತಾಗಿರುತ್ತದೆ. ಆದರೆ ಬೆರಳು ಮಾತ್ರ ಹೇಳಿದ ಹಾಗೆ ಕೇಳುವುದಿಲ್ಲ. ಮನಸ್ಸು ಮುಂದೆ ಓಡುತ್ತದೆ, ಕೈ ಹಿಂದೆ ಉಳಿಯುತ್ತದೆ. “ಇನ್ನು ಸಾಕು, ಬಿಟ್ಟುಬಿಡುತ್ತೇನೆ” ಎಂಬ ಮಾತು ಮನೆಯಲ್ಲಿ ಕೇಳಿಬರುವುದು ಈ ಘಟ್ಟದಲ್ಲಿಯೇ.

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ, ತಮಿಳುನಾಡಿನ ಗಡಿಗೆ ಅಂಟಿಕೊಂಡಂತೆ ಇರುವ ಅತ್ತಿಬೆಲೆಯನ್ನು ನೀವು ಬಲ್ಲಿರಿ. ಆನೇಕಲ್ ತಾಲ್ಲೂಕಿನ ಈ ಊರಿನಲ್ಲಿ ಈಗ ಕಾರ್ಖಾನೆಗಳ ಸಾಲೂ ಇದೆ, ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗಿಬರುವವರ ಮಹಡಿ ಮನೆಗಳೂ ಇವೆ. ಅಂಥದೊಂದು ಮನೆಯನ್ನು ಊಹಿಸಿಕೊಳ್ಳಿ. ಹಜಾರದ ಮೂಲೆಯಲ್ಲಿ ಒಂದು ಡಿಜಿಟಲ್ ಪಿಯಾನೋ, ವಾರಕ್ಕೊಂದು ಪಾಠ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆಗಳಲ್ಲಿ ನಾಲ್ಕನೆಯ ದರ್ಜೆ ಮುಗಿದಿದೆ, ಐದನೆಯದು ಮುಂದಿದೆ. ತಂದೆಗೆ ರಾತ್ರಿ ಪಾಳಿ, ಹಗಲು ನಿದ್ರೆ. ತಾಯಿ ಮನೆ ಸೇರುವಾಗ ಸಂಜೆ ಏಳು ಗಂಟೆ. ಶಾಲೆಯ ಪಾಠ ಬೇರೆ ಉಂಟಲ್ಲ! ಪಿಯಾನೋಗೆ ಸಿಗುವುದು ದಿನಕ್ಕೆ ಮುಕ್ಕಾಲು ಗಂಟೆ. ಈ ಮುಕ್ಕಾಲು ಗಂಟೆಯಲ್ಲಿ ಬೆರಳ ಸಾಧನೆಗೆ ಎಷ್ಟು ಹೊತ್ತು ಕೊಡಬೇಕು? ಅದನ್ನು ಮಾಡುವ ಬಗೆ ಹೇಗೆ? ಕೊನೆಗೆ, ಅದರಿಂದ ಆಗುವ ಲಾಭವೇನು? ಈ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಇಂದು ನಾಲ್ಕು ಮಾತುಗಳನ್ನು ಹೇಳುತ್ತೇನೆ.

ಮೊದಲು ಒಂದು ತಪ್ಪು ಕಲ್ಪನೆಯನ್ನು ದೂರಮಾಡಿಕೊಳ್ಳೋಣ. ಬೆರಳ ಸಾಧನೆ ಎಂದರೆ ಗರಡಿಮನೆಯ ಸಾಮು, ಬೆರಳಿಗೆ ಬಲ ತುಂಬುವ ಕಸರತ್ತು ಎಂದು ಬಹಳ ಮಂದಿ ತಿಳಿದಿದ್ದಾರೆ. ಆದರೆ ಪಿಯಾನೋದ ಒಂದು ಕೀಯನ್ನು ಒತ್ತಲು ಎಷ್ಟು ಬಲ ಬೇಕು ಗೊತ್ತೆ? ಸುಮಾರು 50 ಗ್ರಾಂ ಭಾರ ಇಟ್ಟರೆ ಸಾಕು, ಅದು ತಾನಾಗಿ ಕೆಳಗಿಳಿಯುತ್ತದೆ. ಒಂದು ನಿಂಬೆಹಣ್ಣಿನ ತೂಕ! ಎಂಟು ವರ್ಷದ ಮಗುವಿನ ಕಿರುಬೆರಳಿಗೂ ಅಷ್ಟು ಶಕ್ತಿ ಇದ್ದೇ ಇದೆ. ಇನ್ನೂ ಒಂದು ಸಂಗತಿ. ಕೀ ಕೆಳಗಿಳಿಯುವಾಗ ಒಳಗಿನ ಪುಟ್ಟ ಸುತ್ತಿಗೆ ಚಿಮ್ಮಿ ತಂತಿಗೆ ಬಡಿದು ಹಿಂದೆ ಬೀಳುತ್ತದೆ. ಸುತ್ತಿಗೆ ಒಮ್ಮೆ ಚಿಮ್ಮಿದ ಮೇಲೆ ನೀವು ಕೀಯನ್ನು ಎಷ್ಟೇ ಅದುಮಿದರೂ ನಾದದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗದು. ಅಲ್ಲಿಂದ ಮುಂದೆ ಹಾಕಿದ ಬಲವೆಲ್ಲ ಮಣಿಕಟ್ಟಿನಲ್ಲಿ ಬಿಗಿತವಾಗಿ ಕೂಡುತ್ತದೆ, ಅಷ್ಟೆ. ಆದುದರಿಂದ ಕಲಿಯಬೇಕಾದದ್ದು ಒತ್ತುವುದನ್ನಲ್ಲ. ಒತ್ತಿದ ಮರುಕ್ಷಣವೇ ಸಡಿಲಬಿಡುವುದನ್ನು.

ಈಗ, ಇದನ್ನು ಓದುತ್ತಿರುವಾಗಲೇ, ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಬಲಗೈಯನ್ನು ಮೇಜಿನ ಮೇಲೆ ಅಂಗೈ ಕೆಳಗಾಗಿ ಇಡಿ. ನಡುಬೆರಳನ್ನು ಮಾತ್ರ ಒಳಕ್ಕೆ ಮಡಿಸಿ, ಉಳಿದ ಬೆರಳುಗಳನ್ನು ಚಾಚಿ. ಈಗ ಹೆಬ್ಬೆರಳನ್ನು ಎತ್ತಿ, ಏಳುತ್ತದೆ. ತೋರುಬೆರಳು, ಕಿರುಬೆರಳು, ಅವೂ ಏಳುತ್ತವೆ. ಉಂಗುರಬೆರಳನ್ನು ಎತ್ತಿ ನೋಡೋಣ! ಅಂಟು ಹಾಕಿದ ಹಾಗೆ ಮೇಜಿಗೆ ಕಚ್ಚಿಕೊಂಡೇ ಇರುತ್ತದೆ, ಅಲ್ಲವೆ? ಇದು ನಿಮ್ಮ ಸೋಮಾರಿತನವಲ್ಲ, ಅಭ್ಯಾಸದ ಕೊರತೆಯೂ ಅಲ್ಲ. ಬೆರಳನ್ನು ಮಡಿಸಿ ಚಾಚುವ ದೊಡ್ಡ ಸ್ನಾಯುಗಳು ಬೆರಳಿನೊಳಗೆ ಇಲ್ಲ, ಮುಂಗೈಯಲ್ಲಿವೆ. ಸೂತ್ರದ ಗೊಂಬೆಯ ದಾರಗಳಂತೆ ಉದ್ದನೆಯ ಸ್ನಾಯುರಜ್ಜುಗಳು ಅಲ್ಲಿಂದ ಬೆರಳಿನ ತುದಿಯವರೆಗೆ ಬರುತ್ತವೆ. ಉಂಗುರಬೆರಳನ್ನು ಎತ್ತುವ ದಾರಕ್ಕೂ ಅದರ ಅಕ್ಕಪಕ್ಕದ ಬೆರಳುಗಳ ದಾರಗಳಿಗೂ ಕೈಯ ಹಿಂಬದಿಯಲ್ಲಿ ಅಡ್ಡಗಟ್ಟುಗಳಿವೆ. ಹೀಗಾಗಿ ಪಕ್ಕದ ಬೆರಳು ಮಡಿಸಿಕೊಂಡರೆ ಇದಕ್ಕೆ ಬಿಡುಗಡೆಯಿಲ್ಲ. ಮನುಷ್ಯನ ಕೈ ಇರುವುದೇ ಹಾಗೆ. ಸಾಧನೆಯಿಂದ ಈ ಕಟ್ಟು ಬಿಚ್ಚುವುದಿಲ್ಲ. ಬಿಚ್ಚಲು ಹೊರಟರೆ ಕೈಗೆ ಕೇಡು.

ಹಿಂದಿನವರು ಹಾಗೆ ಹೊರಟದ್ದೂ ಉಂಟು. ಜರ್ಮನಿಯ ರಾಬರ್ಟ್ ಶೂಮಾನ್ (1810–1856) ದೊಡ್ಡ ಪಿಯಾನೋ ವಾದಕನಾಗಬೇಕೆಂದು ಹಗಲಿರುಳು ಅಭ್ಯಾಸ ಮಾಡಿದ. ಬೆರಳನ್ನು ಪಳಗಿಸಲು ಒಂದು ಯಂತ್ರಸಾಧನವನ್ನೂ ಬಳಸಿದನಂತೆ. ಇಪ್ಪತ್ತೆರಡು ವರ್ಷ ತುಂಬುವ ಹೊತ್ತಿಗೆ ಅವನ ಬಲಗೈ ಕೆಟ್ಟಿತ್ತು. ಕೆಟ್ಟದ್ದು ಆ ಸಾಧನದಿಂದಲೋ, ಅತಿ ಅಭ್ಯಾಸದಿಂದಲೋ, ಬೇರೆ ರೋಗದಿಂದಲೋ ಎಂಬ ಬಗ್ಗೆ ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಅವನು ಸಂಗೀತ ರಚನೆಯ ಕಡೆ ತಿರುಗಿದ್ದು ಜಗತ್ತಿಗೆ ಲಾಭವಾಯಿತು. ಆದರೆ ವೇದಿಕೆಯ ದಾರಿ ಅವನಿಗೆ ಮುಚ್ಚಿಹೋಯಿತು.

ಅದೇ 1810ರಲ್ಲಿ ಹುಟ್ಟಿದ ಪೋಲೆಂಡಿನ ಶೋಪಾನ್ ಬೇರೊಂದು ದಾರಿಯನ್ನು ಕಂಡುಕೊಂಡ. ಐದು ಬೆರಳುಗಳೂ ಸಮಬಲವಾಗಬೇಕೆಂದು ಹಟ ಹಿಡಿಯುವುದು ಪ್ರಕೃತಿಗೆ ವಿರುದ್ಧ, ಒಂದೊಂದು ಬೆರಳಿಗೆ ಒಂದೊಂದು ಗುಣವಿದೆ, ಆ ಗುಣವನ್ನೇ ಬಳಸಿಕೊಳ್ಳಬೇಕು ಎಂಬುದು ಅವನ ಮತ. ತನ್ನ ಶಿಷ್ಯರ ಕೈಯನ್ನು ಅವನು ಮೊದಲು ಇಡಿಸುತ್ತಿದ್ದುದು ಸಿ, ಡಿ, ಇ ಎಂಬ ಬಿಳಿಯ ಸಾಲಿನ ಮೇಲಲ್ಲ. ಹೆಬ್ಬೆರಳು ಇ ಎಂಬ ಬಿಳಿ ಕೀ ಮೇಲೆ, ಉದ್ದವಾದ ಮೂರು ನಡುಬೆರಳುಗಳು ಅದರ ಮುಂದಿನ ಮೂರು ಕರಿ ಕೀಗಳ ಮೇಲೆ, ಕಿರುಬೆರಳು ಬಿ ಎಂಬ ಬಿಳಿ ಕೀ ಮೇಲೆ. ನೀವೂ ಇಟ್ಟು ನೋಡಿ. ಉದ್ದದ ಬೆರಳುಗಳಿಗೆ ಎತ್ತರದ ಜಾಗ, ಗಿಡ್ಡ ಬೆರಳುಗಳಿಗೆ ತಗ್ಗಿನ ಜಾಗ. ಯಾರೂ ತಿದ್ದದೆಯೇ ಅಂಗೈ ಗುಮ್ಮಟದಂತೆ ತಾನಾಗಿ ನಿಲ್ಲುತ್ತದೆ. ದಿನದ ಸಾಧನೆಯನ್ನು ಇಲ್ಲಿಂದ ಆರಂಭಿಸುವುದು ಲೇಸು.

ಇನ್ನು ಅಭ್ಯಾಸದ ಪುಸ್ತಕಗಳ ಮಾತು. ನಡುಘಟ್ಟದ ವಿದ್ಯಾರ್ಥಿಯ ಕೈಗೆ ಸಾಮಾನ್ಯವಾಗಿ ಎರಡು ಹೆಸರುಗಳು ಬರುತ್ತವೆ. ಒಂದು, ಬೀಥೋವನ್ನನ ಶಿಷ್ಯನೂ ಲಿಸ್ಟನ ಗುರುವೂ ಆದ ಚೆರ್ನಿ (1791–1857). ಇನ್ನೊಂದು, ಫ್ರಾನ್ಸಿನ ಹಾನೋನ್ (1819–1900). ಹಾನೋನನ ಪುಸ್ತಕ 1873ರಲ್ಲಿ ಹೊರಬಂತು. ಅದರಲ್ಲಿ 60 ಅಭ್ಯಾಸಗಳಿವೆ. ಅದರ ಮೊದಲನೆಯ ಅಭ್ಯಾಸವನ್ನು ನಮ್ಮ ಸ್ವರಗಳಲ್ಲಿ ಹೇಳಿಕೊಂಡು ನೋಡಿ. ಷಡ್ಜದಿಂದ ಗಾಂಧಾರಕ್ಕೆ ಒಂದು ದಾಟು. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಧೈವತದವರೆಗೆ ಏರು. ಮತ್ತೆ ಅದೇ ಮೆಟ್ಟಿಲುಗಳಲ್ಲಿ ಗಾಂಧಾರದವರೆಗೆ ಇಳಿತ. ಆಮೇಲೆ ಋಷಭದಿಂದ ಇದೇ ನಡೆ, ಹೀಗೆಯೇ ಮುಂದೆ. ಇದನ್ನು ಕೇಳಿದಾಗ ನಿಮಗೆ ಏನು ನೆನಪಾಗುತ್ತದೆ? ಮನೆಯಲ್ಲಿ ಅಜ್ಜಿಯೋ ಅಕ್ಕನೋ ವೀಣೆಯ ಮುಂದೆ ಕುಳಿತು ನುಡಿಸುತ್ತಿದ್ದ ವರಸೆಗಳು ತಾನೆ!

ಹೌದು. ಬೆರಳ ಸಾಧನೆ ನಮಗೆ ಸಮುದ್ರದಾಚೆಯಿಂದ ಬಂದ ಹೊಸ ವಿದ್ಯೆಯೇನೂ ಅಲ್ಲ. ಪುರಂದರದಾಸರು ಹಾಕಿಕೊಟ್ಟರೆಂದು ಸಂಪ್ರದಾಯ ಹೇಳುವ ಸರಳೆ ವರಸೆ, ಜಂಟಿ ವರಸೆ, ದಾಟು ವರಸೆ, ಅಲಂಕಾರಗಳು ಎಂಬ ಈ ಏಣಿ ನಾಲ್ಕೂವರೆ ಶತಮಾನಗಳಿಂದ ನಮ್ಮ ಮನೆಗಳಲ್ಲಿದೆ. ಮೈಸೂರಿನ ವೀಣೆ ಶೇಷಣ್ಣನವರು (1852–1926) ಪಿಯಾನೋವನ್ನೂ ನುಡಿಸುತ್ತಿದ್ದರೆಂಬುದು ಪ್ರಸಿದ್ಧ. ವರಸೆಯಲ್ಲಿ ಪಳಗಿದ ಕೈಗೆ ಈ ಪರದೇಶದ ವಾದ್ಯ ಪರಕೀಯವಾಗಿ ತೋರಲಿಲ್ಲವೆಂದು ಇದರಿಂದ ತಿಳಿಯಬಹುದು.

ಹಾಗಾದರೆ ಸರಳೆ ವರಸೆಯನ್ನು ಪಿಯಾನೋದಲ್ಲಿ ನುಡಿಸಬಹುದೆ? ಧಾರಾಳವಾಗಿ ನುಡಿಸಬಹುದು. ಗಮಕ ಮಾತ್ರ ಇಲ್ಲಿ ಬಾರದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ದಾರಿ ಈ ವಾದ್ಯದಲ್ಲಿಲ್ಲ. ಆದುದರಿಂದ ಕೃತಿಗಳ ಮಾತು ಬೇರೆ. ವರಸೆ ಮಾತ್ರ ಇಲ್ಲಿ ಚೆನ್ನಾಗಿ ಒಗ್ಗುತ್ತದೆ. ವರಸೆಯ ರಾಗ ಮಾಯಾಮಾಳವಗೌಳ, ಹದಿನೈದನೆಯ ಮೇಳ. ಸಿ ಎಂಬ ಬಿಳಿ ಕೀಯನ್ನು ಷಡ್ಜವಾಗಿಟ್ಟುಕೊಳ್ಳಿ. ಋಷಭ ಅದರ ಪಕ್ಕದ ಕರಿ ಕೀ. ಗಾಂಧಾರ, ಮಧ್ಯಮ, ಪಂಚಮಗಳು ಇ, ಎಫ್, ಜಿ ಎಂಬ ಬಿಳಿ ಕೀಗಳು. ಧೈವತ ಜಿ ಪಕ್ಕದ ಕರಿ ಕೀ. ನಿಷಾದ ಬಿ, ಮೇಲಿನ ಷಡ್ಜ ಮುಂದಿನ ಸಿ. ಬಲಗೈ ಬೆರಳುಗಳನ್ನು ಹೆಬ್ಬೆರಳಿನಿಂದ ಎಣಿಸಿದರೆ ಕ್ರಮ ಹೀಗೆ: ಒಂದು, ಎರಡು, ಮೂರು, ಹೆಬ್ಬೆರಳು ಅಡಿಯಲ್ಲಿ ನುಸುಳಿ ಮತ್ತೆ ಒಂದು, ಎರಡು, ಮೂರು, ನಾಲ್ಕು, ಐದು. ಎರಡು ಕರಿ ಕೀಗಳೂ ಉದ್ದದ ಬೆರಳುಗಳ ಪಾಲಿಗೆ ಬರುತ್ತವೆ. ಹೆಬ್ಬೆರಳಿಗೆ ಬಿಳಿಯ ಜಾಗವೇ ಸಿಗುತ್ತದೆ.

ಇಲ್ಲೊಂದು ಸೊಗಸಿದೆ. ಮಾಯಾಮಾಳವಗೌಳದ ಹೆಜ್ಜೆಗಳನ್ನು ಅರ್ಧಸ್ವರಗಳಲ್ಲಿ ಅಳೆದರೆ ಒಂದು, ಮೂರು, ಒಂದು, ಎರಡು, ಒಂದು, ಮೂರು, ಒಂದು. ಹಿಂದಿನಿಂದ ಎಣಿಸಿದರೂ ಅದೇ ಲೆಕ್ಕ! ಆದುದರಿಂದ ಎರಡು ಹೆಬ್ಬೆರಳುಗಳನ್ನೂ ಒಂದೇ ಷಡ್ಜದ ಮೇಲಿಟ್ಟು, ಬಲಗೈ ಮೇಲಕ್ಕೂ ಎಡಗೈ ಕೆಳಕ್ಕೂ ಏಕಕಾಲದಲ್ಲಿ ಹೊರಟರೆ, ಎರಡು ಕೈಗಳಿಗೂ ಒಂದೇ ಅಳತೆಯ ಹೆಜ್ಜೆ, ಒಂದೇ ಬೆರಳಿನ ಕ್ರಮ. ಬಲಗೈಯ ಮೂರನೆಯ ಬೆರಳು ಇಳಿದಾಗ ಎಡಗೈಯದೂ ಮೂರನೆಯದೇ ಇಳಿಯುತ್ತದೆ. ಎರಡು ಹೆಬ್ಬೆರಳುಗಳೂ ಒಟ್ಟಿಗೆ ನುಸುಳುತ್ತವೆ. ದುರ್ಬಲವಾದ ಎಡಗೈಗೆ ಬಲಗೈ ಗುರುವಾಗುತ್ತದೆ. ಸಿ ಷಡ್ಜದಲ್ಲಿ ಪಳಗಿದ ಮೇಲೆ ಡಿ, ಇ, ಜಿ ಕೀಗಳನ್ನು ಷಡ್ಜವಾಗಿ ಇಟ್ಟುಕೊಂಡು ಇದೇ ಬೆರಳಿನ ಕ್ರಮದಲ್ಲಿ ನುಡಿಸಬಹುದು. ಹೀಗೆ ಷಡ್ಜ ಬದಲಾದ ಹಾಗೆಲ್ಲ ಕೈಗೆ ಹೊಸ ನೆಲದ ಪರಿಚಯವಾಗುತ್ತದೆ.

ಇದಕ್ಕಿಂತಲೂ ಮುಖ್ಯವಾಗಿ ವರಸೆಯಿಂದ ನಾವು ಕಲಿಯಬೇಕಾದದ್ದು ಮೂರು ಕಾಲಗಳ ಶಿಸ್ತು. ತಾಳ ಓಡುವುದಿಲ್ಲ, ಸ್ವರಗಳು ಓಡುತ್ತವೆ. ಮೊದಲ ಕಾಲದಲ್ಲಿ ಎಣಿಕೆಗೊಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ನಿಲ್ಲಿಸಿ. ಇಂದು ಅದು ಎಲ್ಲರ ಮೊಬೈಲಿನಲ್ಲೂ ಸಿಗುತ್ತದೆ. ಮೊದಲ ಕಾಲದಲ್ಲಿ ಒಂದೊಂದು ಸ್ವರಕ್ಕೂ ಒಂದು ಇಡೀ ಸೆಕೆಂಡು. ಈ ಸೆಕೆಂಡಿನಲ್ಲಿ ಮೂರು ಕೆಲಸಗಳಿವೆ. ನುಡಿಸಿದ ಬೆರಳನ್ನು ಸಡಿಲಬಿಡುವುದು. ಮುಂದಿನ ಬೆರಳನ್ನು ಅದರ ಕೀಗೆ ತಾಗಿಸಿ ಇಡುವುದು. ಈಗ ಬಂದ ನಾದ ಹಿಂದಿನ ನಾದದಷ್ಟೇ ಇತ್ತೆ, ಹೆಚ್ಚಾಯಿತೆ, ಕಡಿಮೆಯಾಯಿತೆ ಎಂದು ಕೇಳಿಸಿಕೊಳ್ಳುವುದು. ಮೂರನೆಯದೇ ಎಲ್ಲಕ್ಕೂ ದೊಡ್ಡದು. ಉಂಗುರಬೆರಳು ಬಲದಲ್ಲಿ ನಡುಬೆರಳಿಗೆ ಎಂದೂ ಸಮನಾಗದು. ಆದರೆ ಎರಡರಿಂದಲೂ ಸಮನಾದ ನಾದವನ್ನು ತೆಗೆಯಬಹುದು. ಅದನ್ನು ತೆಗೆಯಿಸುವುದು ಕಿವಿ. ಬೆರಳ ಸಾಧನೆ ಎಂಬುದು ನಿಜವಾಗಿ ಕಿವಿಯ ಸಾಧನೆ.

ಹಾನೋನ್ ತನ್ನ ಅಭ್ಯಾಸಗಳನ್ನು 60ರ ವೇಗದಲ್ಲಿ ಆರಂಭಿಸಿ ಕ್ರಮವಾಗಿ 108ರವರೆಗೆ ಏರಿಸಬೇಕೆಂದು ಹೇಳಿದ್ದಾನೆ. ಇದನ್ನು ಓದಿದ ಹುಡುಗರು ಮೊದಲ ವಾರವೇ 108ನ್ನು ಹಿಡಿಯಲು ಹೊರಡುತ್ತಾರೆ. ನೀವು ಹಾಗೆ ಮಾಡಬೇಡಿ. ಮೂರು ಸಲ ಬಿಡದೆ ಶುದ್ಧವಾಗಿ ಬಂದರೆ ಮಾತ್ರ ಒಂದು ಮೆಟ್ಟಿಲು ಮೇಲೆ. ಒಮ್ಮೆ ತಪ್ಪಿದರೆ ಒಂದು ಮೆಟ್ಟಿಲು ಕೆಳಗೆ. ಬೆರಳನ್ನು ಆಕಾಶಕ್ಕೆ ಎತ್ತಿ ಬಡಿಯಬೇಕೆಂಬ ಹಳೆಯ ಬೋಧೆಯನ್ನು ಇಂದಿನ ಬಹಳ ಮಂದಿ ಶಿಕ್ಷಕರು ಒಪ್ಪುವುದಿಲ್ಲ. ಬೆರಳು ಕೀ ಹತ್ತಿರವೇ ಇರಲಿ. ಆನೇಕಲ್ಲಿನ ಮಗ್ಗದ ಮುಂದೆ ಕುಳಿತ ನೇಕಾರರ ಕೈ ನೋಡಿದ್ದೀರಾ? ಅಲ್ಲಿ ಒಂದು ಅಂಗುಲದ ಚಲನೆಯೂ ವ್ಯರ್ಥವಲ್ಲ. ವೇಗ ಬರುವುದು ಅವಸರದಿಂದಲ್ಲ, ಮಿತವ್ಯಯದಿಂದ.

ಏಣಿಯ ಉಳಿದ ಮೆಟ್ಟಿಲುಗಳಿಗೂ ಪಿಯಾನೋದಲ್ಲಿ ಕೆಲಸವಿದೆ. ಜಂಟಿ ವರಸೆಯಲ್ಲಿ ಒಂದೊಂದು ಸ್ವರವೂ ಎರಡು ಸಲ. ಅದನ್ನು ಒಂದೇ ಬೆರಳಿನಲ್ಲಿ ಬಡಿಯದೆ ಬೆರಳು ಬದಲಿಸಿ ನುಡಿಸಿದರೆ, ಒಂದೇ ಕೀಯನ್ನು ಬೇಗಬೇಗನೆ ನುಡಿಸುವ ಕೌಶಲ ಬರುತ್ತದೆ. ದಾಟು ವರಸೆ ಕೈಗೆ ದೂರದ ಅಂದಾಜು ಕಲಿಸುತ್ತದೆ. ಅಲಂಕಾರಗಳು ಏಳು ತಾಳಗಳಲ್ಲಿವೆ. ಮೂರು, ಐದು, ಏಳರ ಎಣಿಕೆಯಲ್ಲಿ ನುಡಿಸುವಾಗ ಒತ್ತು ಪ್ರತಿ ಸಲವೂ ಬೇರೆ ಬೆರಳಿಗೆ ಬೀಳುತ್ತದೆ. ಸದಾ ಹೆಬ್ಬೆರಳೇ ಗಟ್ಟಿಯಾಗಿ ಕೂಗುವ ಚಾಳಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಆದರೆ ವರಸೆಯೊಂದನ್ನೇ ನೆಚ್ಚಿಕೊಂಡರೆ ಸಾಲದು. ನಡುಘಟ್ಟದ ವಿದ್ಯಾರ್ಥಿಗೆ ಅತ್ಯುತ್ತಮವಾದ ಬೆರಳ ಸಾಧನೆ ಅವನು ಈಗ ಕಲಿಯುತ್ತಿರುವ ಪಾಠದಲ್ಲಿಯೇ ಅಡಗಿರುತ್ತದೆ. ಯಾವ ಜಾಗದಲ್ಲಿ ಕೈ ಎಡವುತ್ತದೆಯೋ ಅದೇ ನಿಮ್ಮ ಇಂದಿನ ಅಭ್ಯಾಸ. ಮೊದಲು ಗಂಟು ಎಲ್ಲಿದೆಯೆಂದು ಹುಡುಕಿ. ಸಾಮಾನ್ಯವಾಗಿ ಅದು ಎರಡು ಸ್ವರಗಳ ನಡುವೆ ಇರುತ್ತದೆ: ಹೆಬ್ಬೆರಳು ನುಸುಳುವಲ್ಲಿ, ಇಲ್ಲವೆ ನಾಲ್ಕು ಐದನೆಯ ಬೆರಳುಗಳು ಒಂದರ ಹಿಂದೆ ಒಂದು ಬರುವಲ್ಲಿ. ಆ ಎರಡು ಸ್ವರಗಳನ್ನು ಮಾತ್ರ ತೆಗೆದುಕೊಳ್ಳಿ. ಸರಿಯಾದ ಮೇಲೆ ಹಿಂದೊಂದು ಸ್ವರ ಸೇರಿಸಿ, ಮುಂದೊಂದು ಸ್ವರ ಸೇರಿಸಿ. ಅನಂತರ ಆ ಸಾಲನ್ನು ಒಂದು ದೀರ್ಘ ಒಂದು ಹ್ರಸ್ವವಾಗಿ ನುಡಿಸಿ. ಮತ್ತೆ ತಿರುಗಿಸಿ, ಒಂದು ಹ್ರಸ್ವ ಒಂದು ದೀರ್ಘವಾಗಿ ನುಡಿಸಿ. ದೀರ್ಘದಲ್ಲಿ ಕೈಗೆ ವಿಶ್ರಾಂತಿ, ಹ್ರಸ್ವದಲ್ಲಿ ವೇಗದ ರುಚಿ, ಎರಡೂ ಸಿಕ್ಕಿದವು. ಕೊನೆಗೆ ಇದ್ದ ಹಾಗೆ ನುಡಿಸಿದಾಗ ಗಂಟು ಬಹುಮಟ್ಟಿಗೆ ಸಡಿಲವಾಗಿರುತ್ತದೆ.

ಹೊತ್ತಿನ ಲೆಕ್ಕಕ್ಕೆ ಬರೋಣ. ಮುಕ್ಕಾಲು ಗಂಟೆಯಲ್ಲಿ ಬೆರಳ ಸಾಧನೆಗೆ ಕಾಲು ಗಂಟೆ ಸಾಕು. ಮೊದಲ ಐದು ನಿಮಿಷ ಶೋಪಾನನ ಆ ಐದು ಕೀಗಳ ಮೇಲೆ ಕೈಯಿಟ್ಟು ನಿಧಾನವಾಗಿ, ಮೆಲ್ಲನೆ. ಮುಂದಿನ ಐದು ನಿಮಿಷ ಒಂದು ವರಸೆ, ಮೂರು ಕಾಲಗಳಲ್ಲಿ. ಕೊನೆಯ ಐದು ನಿಮಿಷ ಪಾಠದ ಒಂದು ಗಂಟು. ಉಳಿದ ಅರ್ಧ ಗಂಟೆ ಪೂರ್ತಿ ಸಂಗೀತಕ್ಕೆ ಮೀಸಲು. ಭಾನುವಾರ ಎರಡು ಗಂಟೆ ಕುಳಿತು ಉಳಿದ ಆರು ದಿನ ಮುಟ್ಟದೆ ಇರುವುದಕ್ಕಿಂತ ದಿನವೂ ಕಾಲು ಗಂಟೆ ಎಷ್ಟೋ ಮೇಲು. ನಿದ್ರೆಯಲ್ಲಿಯೂ ಮಿದುಳು ಕಲಿತದ್ದನ್ನು ಭದ್ರಪಡಿಸುತ್ತದೆ. ವಾರಕ್ಕೆ ಆರು ರಾತ್ರಿಗಳ ಈ ಉಚಿತ ಸೇವೆಯನ್ನು ಏಕೆ ಕಳೆದುಕೊಳ್ಳಬೇಕು?

ನಡುವೆ ಬಿಡುವು ಕೊಡುವುದೂ ಅಭ್ಯಾಸದ ಭಾಗವೇ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 2019ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಅಂಕೆಗಳ ಒಂದು ಸಾಲನ್ನು ಹತ್ತು ಸೆಕೆಂಡು ಬೆರಳಿನಿಂದ ಒತ್ತುವುದು, ಹತ್ತು ಸೆಕೆಂಡು ಸುಮ್ಮನಿರುವುದು, ಮತ್ತೆ ಒತ್ತುವುದು. ಮೊದಮೊದಲಿನ ಸುಧಾರಣೆಯೆಲ್ಲ ಒತ್ತುತ್ತಿದ್ದಾಗ ಆದದ್ದಲ್ಲ. ನಡುವಣ ಆ ಬಿಡುವಿನಲ್ಲಿ ಆಗಿತ್ತು. ಆದುದರಿಂದ ಒಂದು ಆವರ್ತ ನುಡಿಸಿ, ಕೈಯನ್ನು ತೊಡೆಯ ಮೇಲಿಟ್ಟು ಎರಡು ಉಸಿರು ಎಳೆದು, ಮತ್ತೆ ನುಡಿಸಿ. ಅದು ವ್ಯರ್ಥ ಕಾಲವಲ್ಲ.

ಅತ್ತಿಬೆಲೆಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುವ ಕಾಲೇಜು ವಿದ್ಯಾರ್ಥಿಗೆ ಇನ್ನೊಂದು ಸಂಗತಿ ಪ್ರಯೋಜನಕ್ಕೆ ಬಂದೀತು. 1995ರಲ್ಲಿ ಪಾಸ್ಕ್ವಲ್-ಲಿಯೋನ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಐದು ಬೆರಳುಗಳ ಒಂದು ಪಿಯಾನೋ ಅಭ್ಯಾಸವನ್ನೇ ಪ್ರಯೋಗಕ್ಕೆ ಆರಿಸಿಕೊಂಡರು. ದಿನಕ್ಕೆ ಎರಡು ಗಂಟೆಯಂತೆ ಐದು ದಿನ ಕೆಲವರು ನಿಜವಾಗಿ ನುಡಿಸಿದರು. ಕೆಲವರು ಬೆರಳು ಅಲುಗಿಸದೆ ಮನಸ್ಸಿನಲ್ಲಿಯೇ ನುಡಿಸಿಕೊಂಡರು. ಮಿದುಳಿನಲ್ಲಿ ಬೆರಳುಗಳನ್ನು ಆಳುವ ಭಾಗ ಇಬ್ಬರಲ್ಲಿಯೂ ಒಂದೇ ಬಗೆಯಲ್ಲಿ ಬೆಳೆದಿತ್ತು. ನುಡಿಸಿದವರ ಕೈ ಹೆಚ್ಚು ನುರಿತಿತ್ತು, ನಿಜ. ಆದರೆ ಮನಸ್ಸಿನಲ್ಲಿ ನುಡಿಸಿದವರು ಒಮ್ಮೆ ಕುಳಿತು ಅಭ್ಯಾಸ ಮಾಡಿದೊಡನೆ ಅವರ ಸಮಕ್ಕೆ ಬಂದರು. ಬಸ್ಸು ಚೆಕ್‌ಪೋಸ್ಟಿನ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಾಗ ಕಣ್ಣು ಮುಚ್ಚಿ ಒಂದು ವರಸೆಯನ್ನು ಬೆರಳಿನ ಕ್ರಮ ಸಹಿತ ಮನಸ್ಸಿನಲ್ಲಿ ನುಡಿಸಿಕೊಳ್ಳಿ. ಮನೆಯಲ್ಲಿ ಕರೆಂಟು ಹೋಯಿತೆನ್ನಿ. ಡಿಜಿಟಲ್ ಪಿಯಾನೋ ಮೂಕವಾದರೂ ಅದರ ಕೀಗಳು ಕೆಲಸ ಮಾಡುತ್ತವೆ. ಕತ್ತಲಲ್ಲಿ, ಸದ್ದಿಲ್ಲದೆ, ಒಳಗಿವಿಯಿಂದ ಕೇಳಿಸಿಕೊಳ್ಳುತ್ತ ನುಡಿಸಿ. ರಾತ್ರಿ ಪಾಳಿ ಮುಗಿಸಿ ಮಲಗಿದವರ ನಿದ್ರೆಗೂ ಭಂಗವಿಲ್ಲ.

ತಂದೆತಾಯಿಗಳಿಗೆ ಒಂದೆರಡು ಮಾತು. ಆಸನದ ಎತ್ತರ ನೋಡಿ: ಕುಳಿತಾಗ ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು. ಊಟದ ಕುರ್ಚಿ ತಗ್ಗಾದರೆ ಒಂದು ಮಡಿಸಿದ ಜಮಖಾನ ಹಾಕಿದರೂ ಆದೀತು. 61 ಕೀಗಳ ಹಗುರ ಕೀಬೋರ್ಡಿನಲ್ಲಿ ಮೊದಲ ಪಾಠಗಳು ನಡೆದಾವು. ಆದರೆ ನಡುಘಟ್ಟಕ್ಕೆ ಬಂದ ಮಗುವಿಗೆ ನಿಜವಾದ ಪಿಯಾನೋದಂತೆ ತೂಕವಿರುವ 88 ಕೀಗಳ ವಾದ್ಯ ಬೇಕಾಗುತ್ತದೆ, ಏಕೆಂದರೆ ಮೆಲುದನಿ ಗಟ್ಟಿದನಿಗಳ ವ್ಯತ್ಯಾಸವನ್ನು ಬೆರಳು ಕಲಿಯುವುದು ಆ ತೂಕದಿಂದಲೇ. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಕೈ ನೋಯುತ್ತದೆ ಎಂದು ಮಗು ಹೇಳಿದರೆ ಅದನ್ನು ನೆಪವೆಂದು ತಿಳಿಯಬೇಡಿ. ನೋವನ್ನು ಸಹಿಸಿಕೊಂಡು ನುಡಿಸಿದರೆ ಬೆರಳು ಗಟ್ಟಿಯಾಗುತ್ತದೆಂಬುದು ಸುಳ್ಳು. ಆ ದಿನ ನಿಲ್ಲಿಸಿ. ನೋವು ಮತ್ತೆ ಮತ್ತೆ ಬಂದರೆ, ಬೆರಳು ಜೋಮು ಹಿಡಿದರೆ, ವೈದ್ಯರಿಗೆ ತೋರಿಸಿ. ಪರೀಕ್ಷೆ ಮುಂದಿನ ಸಲವೂ ಬರುತ್ತದೆ. ಕೈ ಇನ್ನೊಂದು ಬಾರದು.

“ಇಷ್ಟೆಲ್ಲ ಮಾಡಿ ಬಂದದ್ದೇನು? ನಮ್ಮ ಮಗು ಪಿಯಾನೋ ಕಚೇರಿ ಮಾಡುವುದುಂಟೆ?” ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಉತ್ತರವಾಗಿ ನಮ್ಮ ನಾಡಿನ ಒಬ್ಬ ಪಿಯಾನೋ ಸಾಧಕರನ್ನು ನೆನೆಯೋಣ. 1919ರಲ್ಲಿ ಹುಟ್ಟಿದ ಶ್ರೀ ಜಯಚಾಮರಾಜ ಒಡೆಯರಿಗೆ ಪಿಯಾನೋ ವಾದಕರಾಗಿ ವೇದಿಕೆ ಏರಬೇಕೆಂಬ ಹಂಬಲವಿತ್ತು. 1940ರ ಮಾರ್ಚಿಯಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು. ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. ಇಪ್ಪತ್ತೊಂದು ವರ್ಷದ ತರುಣನಿಗೆ ಮೈಸೂರಿನ ಸಿಂಹಾಸನ ಬಂತು. ವೇದಿಕೆಯ ದಾರಿ ಮುಚ್ಚಿತು. ವರ್ಷಗಳ ಬೆರಳ ಸಾಧನೆ ವ್ಯರ್ಥವಾಯಿತೆನ್ನೋಣವೆ?

ನಡೆದ ಸಂಗತಿ ನೋಡಿ. ಅವರು 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದರು. ಟ್ರಿನಿಟಿ ಸಂಗೀತ ಕಾಲೇಜು ಗೌರವ ಫೆಲೋ ಪದವಿ ನೀಡಿತು. ಲಂಡನ್ನಿನಲ್ಲಿ ವೃದ್ಧಾಪ್ಯ ಕಳೆಯುತ್ತಿದ್ದ ರಷ್ಯಾದ ರಚನಕಾರ ನಿಕೊಲಾಯ್ ಮೆಟ್ನರ್ (1880–1951) ಅವರ ಕೃತಿಗಳು ಮರೆವಿಗೆ ಸರಿಯುತ್ತಿದ್ದಾಗ, ಸ್ವತಃ ಅವರ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಲು ಮಹಾರಾಜರು ಹಣ ಒದಗಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಚೆರ್ಟೋವನ್ನು ಅವರಿಗೆ ಅರ್ಪಿಸಿದರು. ಆ ಧ್ವನಿಮುದ್ರಣಗಳನ್ನು ಜಗತ್ತು ಇಂದಿಗೂ ಕೇಳುತ್ತಿದೆ. 1950ರಲ್ಲಿ ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಗೀತೆಗಳು ಲಂಡನ್ನಿನಲ್ಲಿ ಮೊಟ್ಟಮೊದಲು ಕೇಳಿಬಂದದ್ದಕ್ಕೂ ಅವರ ಹಣದ ಬೆಂಬಲವಿತ್ತು. ಇತ್ತ ಮೈಸೂರಿನಲ್ಲಿ ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತು, ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ಪಿಯಾನೋದ ಕೈಯೇ ವೀಣೆಯ ಮೆಟ್ಟಿಲುಗಳ ಮೇಲೂ ನಡೆಯಿತು. ಪಾಶ್ಚಾತ್ಯ ಸಂಗೀತದ ಎಲ್ಲೋ ಒಂದು ಮೂಲೆಯಲ್ಲಿ ಒಬ್ಬ ವೃದ್ಧನ ಕೃತಿ ಕಳೆದುಹೋಗುತ್ತಿದೆ, ಅದು ಉಳಿಯತಕ್ಕದ್ದು ಎಂದು ಮೈಸೂರಿನಲ್ಲಿ ಕುಳಿತು ಗುರುತಿಸಿದ್ದು ಸಾಧನೆಯಲ್ಲಿ ಹದಗೊಂಡ ಕಿವಿ.

ಎಲ್ಲರೂ ಮಹಾರಾಜರಾಗಲಾರರು, ಎಲ್ಲರೂ ವೇದಿಕೆ ಏರಲಾರರು. ಆದರೆ ಸಮನಾದ ಎರಡು ನಾದಗಳಿಗೂ ಸಮನಲ್ಲದ ಎರಡು ನಾದಗಳಿಗೂ ಇರುವ ಭೇದವನ್ನು ಒಮ್ಮೆ ಕೇಳಲು ಕಲಿತ ಕಿವಿ ಅದನ್ನು ಮರೆಯುವುದಿಲ್ಲ. ಮುಂದೆ ಆ ಮಗು ಇಂಜಿನಿಯರಾಗಲಿ, ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡಲಿ, ರೇಡಿಯೋದಲ್ಲಿ ಒಂದು ವೀಣಾವಾದನವೋ ಒಂದು ಸೊನಾಟವೋ ಬಂದಾಗ ಕೈಯ ಕೆಲಸ ನಿಲ್ಲಿಸಿ ಕೇಳುತ್ತದೆ.

ಹಾಗಾದರೆ ಇಂದು ಸಂಜೆಯೇ ಆರಂಭಿಸಿ. ಆಸನದ ಎತ್ತರ ಸರಿಮಾಡಿಕೊಳ್ಳಿ. ಇ ಮೇಲೆ ಹೆಬ್ಬೆರಳು, ಮೂರು ಕರಿ ಕೀಗಳ ಮೇಲೆ ಮೂರು ಬೆರಳು, ಬಿ ಮೇಲೆ ಕಿರುಬೆರಳು. ಮೆಟ್ರೊನೋಮ್ 60ಕ್ಕೆ ನಿಲ್ಲಲಿ. ಒಂದು ಸ್ವರ ನುಡಿಸಿ, ಸಡಿಲಬಿಡಿ, ಕೇಳಿ. ಅದರ ಮುಂದಿನ ಸ್ವರ ಅವಸರಪಡದೆ ಬರಲಿ. ಮನೆಯಲ್ಲಿ ಹಿರಿಯರು ಯಾರಾದರೂ ವರಸೆ ಕಲಿತವರಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾಳ ಹಾಕಲು ಹೇಳಿ. ಈ ಪಾಠದ ಅರ್ಧ ಅವರಿಗೆ ಆಗಲೇ ಗೊತ್ತಿದೆ.